ಸಪ್ತಪದಿಯೂ ರಹದಾರಿಯೂ

ಮದುವೆಯಾಗುವುದಕ್ಕೆ ಮೊದಲೇ ಮದುವೆಯಾದುದಾಗಿ ಸರ್ಕಾರದ ಪುಸ್ತಕದಲ್ಲಿ ಬರೆಯಿಸಿಕೊಳ್ಳುವ ವಿಚಿತ್ರ ಪದ್ಧತಿಯೊಂದು ನಮ್ಮ ನಗರಗಳ ಸುಶಿಕ್ಷಿತ ಕುಟುಂಬಗಳಲ್ಲಿ ತಲೆಯೆತ್ತಿದೆ. ಮುಹೂರ್ತವು ಮಾಘಮಾಸಕ್ಕೆ ಗೊತ್ತಾಗಿರುತ್ತದೆ. ಛತ್ರಕ್ಕೆ ಮುಂಗಡವನ್ನೂ ಕೊಟ್ಟಾಗಿರುತ್ತದೆ. ಆದರೆ ಅದಕ್ಕೆ ಐದಾರು ತಿಂಗಳು ಮೊದಲೇ ವಧೂವರರು ಉಪನೋಂದಣಾಧಿಕಾರಿಯ ಮುಂದೆ ನಿಂತು, ತಾವು ಇಂಥ ದಿನ ಇಂಥ ಸ್ಥಳದಲ್ಲಿ ವಿವಾಹವಾದೆವೆಂದು ರುಜು ಹಾಕಿ, ಪ್ರಮಾಣಪತ್ರವನ್ನು ಪಡೆದು, ಏನೂ ನಡೆಯದವರಂತೆ ತಂತಮ್ಮ ತಾಯ್ತಂದೆಯರ ಮನೆಗಳಿಗೆ ಹಿಂದಿರುಗುತ್ತಾರೆ. ವರನು ಮರುದಿನವೇ ವಿಮಾನವೇರುತ್ತಾನೆ. ಇಷ್ಟಕ್ಕೂ ಕಾರಣವಾದುದು ಪರದೇಶದವರು ಕೊಡಬೇಕಾದ ಪ್ರವೇಶದ ರಹದಾರಿ, ಅಂದರೆ ವೀಸಾ.

ಈ ಪದ್ಧತಿಯನ್ನು 2024ನೆಯ ಇಸವಿ ಏಪ್ರಿಲ್ 19ರಂದು ಸುಪ್ರೀಂ ಕೋರ್ಟು ಸ್ಪಷ್ಟವಾದ ಮಾತುಗಳಲ್ಲಿ ಖಂಡಿಸಿತು. ತೀರ್ಪಿತ್ತವರು ನಮ್ಮ ಬೆಂಗಳೂರಿನವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆಗಸ್ಟಿನ್ ಜಾರ್ಜ್ ಮಸೀಹ್ ಅವರು. ಹಿಂದೂ ವಿವಾಹವು ಸಂಸ್ಕಾರವೆಂದೂ, ಸಪ್ತಪದಿಯೇ ಮೊದಲಾದ ವಿಧಿಗಳು ನಡೆಯದಿದ್ದಲ್ಲಿ ಬರಿಯ ನೋಂದಣಿಯಿಂದ ಮದುವೆಯಾಗದೆಂದೂ, 1955ರ ಹಿಂದೂ ವಿವಾಹ ಕಾಯಿದೆಯ 8ನೆಯ ಪ್ರಕರಣವು ನಡೆದ ಮದುವೆಗೆ ಸಾಕ್ಷ್ಯವನ್ನೊದಗಿಸುವುದೇ ಹೊರತು ನಡೆಯದ ಮದುವೆಯನ್ನು ನಡೆಸಲಾರದೆಂದೂ ಅವರು ತೀರ್ಮಾನಿಸಿದರು. ವೀಸಾದ ಅರ್ಜಿಗಾಗಿ, ಕಾಲ ಉಳಿಯಲೆಂದು, ಮುಂಚಿತವಾಗಿ ನೋಂದಣಿ ಮಾಡಿಸುವ ತಾಯ್ತಂದೆಯರ ಅಭ್ಯಾಸವನ್ನು ಹೆಸರಿಟ್ಟೇ ಅಸಮ್ಮತಿಸಿದರು. ನಡುವೆ ವಿವಾಹವು ಮುರಿದುಬಿದ್ದರೆ ಆ ಹುಡುಗಿಯ ಸ್ಥಿತಿಯೇನು? ಅವಳು ಪತ್ನಿಯೂ ಅಲ್ಲ, ಕಾಗದದ ದೃಷ್ಟಿಯಿಂದ ಕನ್ಯೆಯೂ ಅಲ್ಲ.

ನ್ಯಾಯಾಸ್ಥಾನದ ಮಾತು ಶಾಸ್ತ್ರಕ್ಕೂ ಕಾಯಿದೆಗೂ ಒಪ್ಪುವ ಮಾತೇ ಸರಿ. ಆದರೆ ಮರ್ಯಾದಸ್ಥರಾದ, ಸುಳ್ಳು ರುಜು ಹಾಕಲು ಬೇರಾವ ಸಂದರ್ಭದಲ್ಲಿಯೂ ಹೇಸುವ ತಂದೆತಾಯಿಗಳು ಇಂಥ ಕಾರ್ಯಕ್ಕೆ ಏಕೆ ಕೈಹಾಕುತ್ತಾರೆಂಬ ಪ್ರಶ್ನೆಗೆ ಉತ್ತರವನ್ನು ನ್ಯಾಯಾಸ್ಥಾನದ ಹೊರಗೆ ಹುಡುಕಬೇಕಾಗಿದೆ.

ಕೃಷ್ಣರಾಜಪುರದ ಒಂದು ಮನೆತನವನ್ನು ಊಹಿಸಿಕೊಳ್ಳೋಣ. ತಾತನವರು 1948ರಲ್ಲಿ ಸ್ಥಾಪಿತವಾದ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆಯಲ್ಲಿ ದುಡಿದವರು. ಮೊಮ್ಮಗಳು ಎಂಜಿನಿಯರಿಂಗ್ ಓದಿ ವೈಟ್‌ಫೀಲ್ಡಿನ ಕಡೆ ನೌಕರಿಯಲ್ಲಿರುವವಳು. ವರನು ಅಮೆರಿಕಾದ ಪೌರತ್ವವನ್ನು ಪಡೆದ ಕನ್ನಡಿಗ. ಅವನಿಗೆ ದೊರೆತ ರಜೆ ಮೂರು ವಾರ. ಆ ಮೂರು ವಾರಗಳಲ್ಲಿ ಹೆಣ್ಣು ನೋಡುವುದು, ನಿಶ್ಚಿತಾರ್ಥ, ಧಾರೆ, ಬೀಗರ ಔತಣ ಎಲ್ಲವೂ ಮುಗಿಯಬೇಕು. ಮುಗಿದರೂ ಹುಡುಗಿಯು ಗಂಡನ ಸಂಗಡ ಹೊರಡುವಂತಿಲ್ಲ. ಮೊದಲು ಗಂಡನು ಅಲ್ಲಿಯ ಸರ್ಕಾರಕ್ಕೆ, ಈಕೆ ತನ್ನ ಧರ್ಮಪತ್ನಿ ಹೌದೆಂದು ಅರ್ಜಿ ಸಲ್ಲಿಸಬೇಕು. ಅದು ಮಂಜೂರಾದ ಮೇಲೆ ಕಡತವು ಮತ್ತೊಂದು ಕಛೇರಿಗೆ ಹೋಗುತ್ತದೆ. ಅಲ್ಲಿ ಶುಲ್ಕ, ಅಲ್ಲಿ ಮತ್ತೊಂದು ಅರ್ಜಿ, ದಸ್ತೈವಜುಗಳ ಮತ್ತೊಂದು ಪರೀಕ್ಷೆ. ಗಂಡನ ವರಮಾನವು ಅಲ್ಲಿಯ ಸರ್ಕಾರವು ಗೊತ್ತುಮಾಡಿರುವ ಬಡತನದ ಮಟ್ಟಕ್ಕಿಂತ ಕಡೆಯಪಕ್ಷ ನೂರಕ್ಕೆ 25ರಷ್ಟು ಹೆಚ್ಚಾಗಿರಬೇಕು. ಇಲ್ಲವಾದರೆ ಬೇರೊಬ್ಬರು ಜಾಮೀನು ನಿಲ್ಲಬೇಕು. ಹುಡುಗಿಯ ನಡತೆಯ ಬಗ್ಗೆ ಪೊಲೀಸು ಪ್ರಮಾಣಪತ್ರಕ್ಕಾಗಿ ಮಾರತ್ತಹಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೋ ಲಾಲ್‌ಬಾಗ್ ರಸ್ತೆಯ ಕೇಂದ್ರಕ್ಕೋ ಹೋಗಬೇಕು. ಅವರೇ ನೇಮಿಸಿದ ವೈದ್ಯರ ಮುಂದೆ ನಿಲ್ಲಬೇಕು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕಾದ ದೂತಾವಾಸದ ಉದ್ಘಾಟನೆಯಾದಾಗ ಇನ್ನು ಪ್ರಯಾಣದ ಕಷ್ಟ ತಪ್ಪಿತೆಂದು ಸಂತೋಷಪಟ್ಟವರು ಅನೇಕರು. ಉದ್ಘಾಟನೆಯಾದುದು ವೀಸಾ ಕೊಡುವ ಏರ್ಪಾಡಿಲ್ಲದ ಕಛೇರಿ. ನೆಲೆಸಲು ಹೋಗುವ ಪತ್ನಿಯು ಸಂದರ್ಶನಕ್ಕೆ ಸಾಮಾನ್ಯವಾಗಿ ಮುಂಬಯಿಗೇ ಹೋಗಬೇಕು. ಇಷ್ಟೆಲ್ಲ ಮುಗಿಯಲು ಅನೇಕ ತಿಂಗಳು, ಎಷ್ಟೋ ವೇಳೆ ವರ್ಷವೇ ಮೀರುತ್ತದೆ.

ಈ ನಡುವೆ ಹದಿನೈದು ದಿನಗಳ ಮಟ್ಟಿಗೆ ಗಂಡನನ್ನು ನೋಡಿಬರುವೆನೆಂದರೆ ಸಾಮಾನ್ಯ ಪ್ರವಾಸಿಯ ವೀಸಾ ದೊರೆಯುವುದು ಬಲು ಕಷ್ಟ. ನೆಲೆಸುವ ಅರ್ಜಿಯನ್ನು ಹಾಕಿರುವವಳು ಹೋದರೆ ಹಿಂದಿರುಗುವಳೇ ಎಂಬ ಸಂಶಯ ಅಧಿಕಾರಿಗೆ. ಗಂಡನೊಡನೆ ಬಾಳಬೇಕೆಂದು ಕಾಯಿದೆಗೆ ಅನುಸಾರವಾಗಿ ಬಯಕೆಯನ್ನು ತಿಳಿಸಿದವಳಿಗೆ ಗಂಡನನ್ನು ಕಣ್ಣಿಂದ ಕಾಣುವ ಅವಕಾಶವೇ ಕಡಿಮೆಯಾಗುತ್ತದೆಂಬುದು ಈ ಏರ್ಪಾಡಿನ ಸೊಬಗು.

ದಸ್ತೈವಜುಗಳ ವಿಷಯವನ್ನು ನಮ್ಮ ಅಧಿಕಾರಿವರ್ಗದ ವಾಚಕರು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇವೆ. ಕನ್ನಡಿಗರ ಹೆಸರಿಗೆ ಯೂರೋಪಿಯನ್ನರ ಹೆಸರಿನಂತೆ ಬಾಲವಿಲ್ಲ. ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಆಮೇಲೆ ತನ್ನ ಹೆಸರು. ಶಾಲೆಯ ದಾಖಲೆಯಲ್ಲಿ ಎರಡಕ್ಷರಗಳ ಹಿಂದಿರುವ ಹುಡುಗಿ, ಪಾಸ್‌ಪೋರ್ಟಿನಲ್ಲಿ ಆ ಅಕ್ಷರಗಳನ್ನು ಬಿಡಿಸಿ ಬರೆದ ಉದ್ದನೆಯ ಹೆಸರಿನವಳಾಗುತ್ತಾಳೆ. ಲಗ್ನಪತ್ರಿಕೆಯಲ್ಲಿ ಚಿರಂಜೀವಿ ಸೌಭಾಗ್ಯವತಿ ಇಂಥವಳಾಗುತ್ತಾಳೆ. ವಿವಾಹ ಪ್ರಮಾಣಪತ್ರದಲ್ಲಿ ಗುಮಾಸ್ತೆಯ ಕೈಚಳಕದಿಂದ ನಾಲ್ಕನೆಯ ರೂಪವನ್ನು ತಾಳುತ್ತಾಳೆ. ಮುಂಬಯಿಯ ಕಿಟಕಿಯ ಹಿಂದಿರುವ ಅಧಿಕಾರಿಗೆ ಇವರು ನಾಲ್ವರು ಬೇರೆ ಬೇರೆ ಹೆಂಗಸರು. ಅವರೆಲ್ಲರೂ ಒಬ್ಬಳೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿಸುವ ಉದ್ಯೋಗದಿಂದ ನಮ್ಮ ನೋಟರಿಗಳಲ್ಲಿ ಎಷ್ಟು ಮಂದಿ ಜೀವನ ಸಾಗಿಸುತ್ತಿರುವರೋ ಬಲ್ಲವರಾರು!

ಕಾಗದಗಳೆಲ್ಲ ಸರಿಹೋದ ಮೇಲೂ ಮೂಲಪ್ರಶ್ನೆ ಉಳಿದೇ ಇರುತ್ತದೆ: ಈ ಮದುವೆ ನಿಜವಾದ ಮದುವೆಯೇ? ಭಾವಚಿತ್ರಗಳನ್ನು ತೋರಿಸಿರಿ, ಬರೆದ ಓಲೆಗಳನ್ನು ತೋರಿಸಿರಿ, ಮೊದಲ ಭೇಟಿ ಎಲ್ಲಿ, ಎಷ್ಟು ಮಂದಿ ಅತಿಥಿಗಳು ಬಂದಿದ್ದರು ಎಂಬ ಪ್ರಶ್ನೆಗಳು. ಹಣಕ್ಕಾಗಿ ಕಪಟ ವಿವಾಹ ಮಾಡಿಕೊಂಡು ಗಡಿ ದಾಟುವವರು ಇದ್ದಾರೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ತನ್ನ ಬಾಗಿಲನ್ನು ಕಾಯುವ ಹಕ್ಕು ಪ್ರತಿಯೊಂದು ರಾಷ್ಟ್ರಕ್ಕೂ ಉಂಟು. ನಮ್ಮ ಸರ್ಕಾರವೂ ಭಾರತೀಯರನ್ನು ಮದುವೆಯಾದ ವಿದೇಶೀಯರಿಗೆ ಸಾಗರೋತ್ತರ ಪೌರರ ಪತ್ರವನ್ನು ಕೊಡಬೇಕಾದರೆ ವಿವಾಹವು ನೋಂದಣಿಯಾಗಿ ಎರಡು ವರ್ಷ ಎಡೆಬಿಡದೆ ನಡೆದುಬಂದಿರಬೇಕೆಂದು ವಿಧಿಸಿದೆ. ಶಾಂತಿನಗರದ ವಿದೇಶೀಯರ ನೋಂದಣಿ ಕಛೇರಿಯ ಪರೀಕ್ಷೆಯೂ ಹಗುರವಾದುದಲ್ಲ. ಆದರೆ ಪರಸ್ಪರ ಪರಿಚಯವು ಮದುವೆಗೆ ಮುಂಚೆ ಬೆಳೆಯಬೇಕೆಂಬ ಸಮಾಜದ ಅಳತೆಗೋಲಿನಿಂದ, ಮದುವೆಯಾದ ಮೇಲೆ ಬೆಳೆಯುವುದೆಂದು ನಂಬಿದ ಸಮಾಜದ ದಾಂಪತ್ಯವನ್ನು ಅಳೆದರೆ ನ್ಯಾಯ ದೊರೆಯುವುದು ಹೇಗೆ? ಇಂಗ್ಲೆಂಡಿನಲ್ಲಿ 1980ರ ದಶಕದಿಂದ 1997ರವರೆಗೆ ಹೀಗೆಯೇ ಒಂದು ನಿಯಮವಿತ್ತು. ಮದುವೆಯ ಮುಖ್ಯ ಉದ್ದೇಶವು ಆ ದೇಶವನ್ನು ಸೇರುವುದಲ್ಲವೆಂದು ಅರ್ಜಿದಾರನೇ ಸಾಧಿಸಬೇಕಾಗಿತ್ತು. ಹಿರಿಯರು ನಿಶ್ಚಯಿಸಿದ ಸಂಬಂಧದಲ್ಲಿ ವರನ ಅಂತರಂಗದ ಉದ್ದೇಶಕ್ಕೆ ಸಾಕ್ಷಿಯನ್ನು ಎಲ್ಲಿಂದ ತರುವುದು? ನಮ್ಮ ದೇಶದ ಎಷ್ಟೋ ಅಳಿಯಂದಿರು ಆ ಪ್ರಶ್ನೆಯ ಮುಂದೆ ಸೋತು ಹಿಂದಿರುಗಿದರು.

ಗಂಡಹೆಂಡಿರ ನಡುವೆ ಸರ್ಕಾರವು ನಿಲ್ಲುವುದು ಹೊಸದೇನೂ ಅಲ್ಲ. ಬೆಂಗಳೂರಿನ ದಂಡು ಪ್ರದೇಶದವರು ಇದನ್ನು ಬೇರೆಯವರಿಂದ ಕೇಳಿ ತಿಳಿಯಬೇಕಾಗಿಲ್ಲ. 1809ರ ಸುಮಾರಿಗೆ ಹಲಸೂರಿನ ಮಗ್ಗುಲಲ್ಲಿ ಬ್ರಿಟಿಷರು ದಂಡನ್ನು ನೆಲೆಗೊಳಿಸಿದ ಕಾಲದಲ್ಲಿ ಆಂಗ್ಲ ಸಿಪಾಯಿಯು ಮದುವೆಯಾಗಲು ತನ್ನ ಮೇಲಧಿಕಾರಿಯ ಅಪ್ಪಣೆ ಬೇಕಾಗಿತ್ತು. ಅಪ್ಪಣೆಯಿದ್ದರೂ ಪಡೆಯು ಹಿಂದೂದೇಶಕ್ಕೆ ಹೊರಡುವಾಗ ನೂರು ಮಂದಿಗೆ ಸುಮಾರು ಹನ್ನೆರಡು ಹೆಂಡತಿಯರಿಗೆ ಮಾತ್ರ ಹಡಗಿನಲ್ಲಿ ಸ್ಥಳ. ಯಾರು ಹೋಗಬೇಕು, ಯಾರು ಉಳಿಯಬೇಕು ಎಂಬುದನ್ನು ಚೀಟಿ ಎತ್ತಿ ನಿರ್ಣಯಿಸುತ್ತಿದ್ದರು. ಉಳಿಯುವ ಚೀಟಿ ಬಂದವಳು ಬಂದರಿನಲ್ಲಿಯೇ ನಿಂತು ಅಳಬೇಕು; ಆಕೆಯ ಗಂಡ ಮರಳಿ ಬರುವುದು ಎಷ್ಟೋ ವರ್ಷಗಳ ಮೇಲೆ, ಬಂದರೆ. ಇಲ್ಲಿಯ ಹೆಣ್ಣುಗಳನ್ನು ಮದುವೆಯಾದ ಸಿಪಾಯಿಗಳ ಕಥೆ ಇನ್ನೂ ದುಃಖಕರ. ಪಡೆಯು ತಾಯ್ನಾಡಿಗೆ ಹಿಂದಿರುಗುವಾಗ ದೇಶೀಯ ಹೆಂಡತಿಗೆ ಸಾಮಾನ್ಯವಾಗಿ ಹಡಗಿನಲ್ಲಿ ಜಾಗವಿರಲಿಲ್ಲ. ಸಾಮ್ರಾಜ್ಯಕ್ಕೆ ಗಂಡಸಿನ ತೋಳು ಬೇಕಾಗಿತ್ತು. ಅವನ ಸಂಸಾರವು ಸಾಮಾನಿನ ಹೊರೆಯ ಲೆಕ್ಕಕ್ಕೆ ಸೇರಿತ್ತು.

ಇದಕ್ಕಿಂತ ಘೋರವಾದ ಪ್ರಶ್ನೆ ದಕ್ಷಿಣ ಆಫ್ರಿಕಾದಲ್ಲಿ ಎದ್ದಿತು. 1913ನೆಯ ಇಸವಿ ಮಾರ್ಚಿ 14ರಂದು ಕೇಪ್ ಪ್ರಾಂತದ ನ್ಯಾಯಮೂರ್ತಿ ಸರ್ಲ್ ಅವರು, ಬಹುಪತ್ನೀತ್ವಕ್ಕೆ ಎಡೆಗೊಡುವ ಧರ್ಮದ ವಿಧಿಯಂತೆ ನಡೆದ ವಿವಾಹಕ್ಕೆ ಅಲ್ಲಿಯ ಕಾಯಿದೆಯಲ್ಲಿ ಮಾನ್ಯತೆಯಿಲ್ಲವೆಂದು ತೀರ್ಪು ಕೊಟ್ಟರು. ಭಾರತದಿಂದ ಗಂಡನ ಬಳಿಗೆ ಬಂದ ಮುಸಲ್ಮಾನ ಮಹಿಳೆಯೊಬ್ಬಳಿಗೆ ಪ್ರವೇಶವನ್ನು ನಿರಾಕರಿಸಿದ ಮೊಕದ್ದಮೆ ಅದು. ಪತ್ನಿಯ ವೀಸಾ ಎಂದು ನಾವು ಇಂದು ಕರೆಯುವುದರ ವಿಷಯವೇ ಅಲ್ಲಿಯೂ ಇದ್ದುದು. ಒಂದೇ ಲೇಖನಿಯ ಗೀಟಿನಿಂದ ಅಲ್ಲಿಯ ಹಿಂದೂ, ಮುಸಲ್ಮಾನ, ಪಾರಸಿ ಸ್ತ್ರೀಯರೆಲ್ಲರೂ ಧರ್ಮಪತ್ನಿಯರೆಂಬ ಪದವಿಯನ್ನು ಕಳೆದುಕೊಂಡರೆಂದು ಗಾಂಧಿಯವರು ಸಾರಿದರು. ಅಲ್ಲಿಯವರೆಗೆ ಸತ್ಯಾಗ್ರಹದಿಂದ ದೂರವಿಟ್ಟಿದ್ದ ಸ್ತ್ರೀಯರು ಆಗ ಮುಂದೆ ಬಂದರು. ಕಸ್ತೂರಿಬಾ ಅವರು ಸೆಪ್ಟೆಂಬರಿನಲ್ಲಿ ಟ್ರಾನ್ಸ್‌ವಾಲಿನ ಗಡಿಯಲ್ಲಿ ಸೆರೆಯಾಗಿ ಮೂರು ತಿಂಗಳ ಕಠಿಣ ಶಿಕ್ಷೆಯನ್ನು ಅನುಭವಿಸಿದರು. ತಮಿಳು ಕುಟುಂಬದ ಹದಿನಾರರ ಹುಡುಗಿ ವಳ್ಳಿಯಮ್ಮೆ ಸೆರೆಯಲ್ಲಿ ಹಿಡಿದ ಜ್ವರದಿಂದ 1914ರ ಫೆಬ್ರವರಿಯಲ್ಲಿ ತೀರಿಕೊಂಡಳು. ಆ ವರ್ಷವೇ ಭಾರತೀಯರ ಪರಿಹಾರ ಕಾಯಿದೆ ಬಂದು ಒಬ್ಬ ಪತ್ನಿಯ ಮಟ್ಟಿಗೆ ನಮ್ಮ ವಿವಾಹಗಳಿಗೆ ಮಾನ್ಯತೆ ದೊರೆಯಿತು. ಮರುವರ್ಷ ಮೇ ತಿಂಗಳಲ್ಲಿ ಗಾಂಧಿಯವರು ಬೆಂಗಳೂರಿಗೆ ಬಂದು ಗೋಖಲೆಯವರ ಭಾವಚಿತ್ರವನ್ನು ಅನಾವರಣ ಮಾಡಿದರು. ಆ ಹೋರಾಟದ ಬೆನ್ನಿಗೆ ನಿಂತಿದ್ದವರು ಆ ಗೋಖಲೆಯವರೇ.

ಕೆನಡಾದಲ್ಲಿಯೂ ಹಾಗೆಯೇ. 1908ರ ನಿಯಮದಂತೆ ತಾಯ್ನಾಡಿನಿಂದ ಎಲ್ಲಿಯೂ ಹಡಗು ಬದಲಿಸದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ; ಭಾರತದಿಂದ ಅಂಥ ಹಡಗಿನ ಪ್ರಯಾಣ ದೊರೆಯುತ್ತಿರಲಿಲ್ಲ. ಅಲ್ಲಿ ಮೊದಲೇ ನೆಲೆಸಿದ್ದ ಭಾಗಸಿಂಗ್ ಮತ್ತು ಬಲವಂತಸಿಂಗರು 1912ರಲ್ಲಿ ತಮ್ಮ ಕುಟುಂಬಗಳನ್ನು ಕರೆತಂದಾಗ ಹೆಂಡತಿಮಕ್ಕಳನ್ನು ತಡೆದು, ಗಡೀಪಾರಿಗೆ ಆಜ್ಞೆಯಾಗಿ, ಕೊನೆಗೆ ಹಕ್ಕೆಂದಲ್ಲ, ಕೃಪೆಯೆಂದು ಒಳಗೆ ಬಿಟ್ಟರು. ಹೆಂಡತಿಮಕ್ಕಳನ್ನು ಕರೆತರುವ ಅವಕಾಶ ನಿಯಮವಾಗಿ ದೊರೆತುದು 1919ರಲ್ಲಿ, ಮಹಾಯುದ್ಧದಲ್ಲಿ ನಮ್ಮ ಲಕ್ಷಾಂತರ ಮಂದಿ ಸಿಪಾಯಿಗಳು ಹೋರಾಡಿ ಬಂದ ಮೇಲೆ.

ಸ್ವಾತಂತ್ರ್ಯ ಬಂದ ಮೇಲೆ ಇಂಥ ಅವಮಾನಗಳು ಮುಗಿದುವೆಂದು ತಿಳಿದಿದ್ದವರಿಗೆ 1979 ಕಣ್ಣು ತೆರೆಯಿಸಿತು. ನಿಶ್ಚಿತ ವರನನ್ನು ಮದುವೆಯಾಗಲೆಂದು ಆ ವರ್ಷ ಜನವರಿಯಲ್ಲಿ ಲಂಡನ್ನಿನ ಹೀಥ್ರೋ ನಿಲ್ದಾಣದಲ್ಲಿಳಿದ ಭಾರತೀಯ ಉಪಾಧ್ಯಾಯಿನಿಯೊಬ್ಬರನ್ನು, ಆಕೆ ನಿಜವಾಗಿ ಅವಿವಾಹಿತೆಯೇ ಎಂದು ತಿಳಿಯುವ ನೆಪದಲ್ಲಿ, ಹೇಳಲು ನಾಚಿಕೆಯಾಗುವ ದೇಹಪರೀಕ್ಷೆಗೆ ಗುರಿಮಾಡಿದರು. ಮದುವೆಯಾಗಲು ಹೋಗುವವಳಿಗೆ ಆಗ ವೀಸಾ ಬೇಕಿರಲಿಲ್ಲ. ಮದುವೆಯಾದವಳಿಗೆ ದೀರ್ಘವಾದ ಸರದಿ ಇತ್ತು. ಸಂಶಯದ ಮೂಲ ಇಷ್ಟೇ. ಭಾರತದಾದ್ಯಂತ ಪ್ರತಿಭಟನೆಯೆದ್ದು ಆ ಪರೀಕ್ಷೆ ನಿಂತಿತು. ಕನಿಷ್ಠ 80 ಮಂದಿ ಸ್ತ್ರೀಯರಿಗೆ ಹೀಗೆ ಆಗಿತ್ತೆಂಬುದು ಹಳೆಯ ಕಡತಗಳಿಂದ 2011ರಲ್ಲಿ ಹೊರಬಿತ್ತು.

ಈಗ ಅಂಥ ಒರಟುತನವಿಲ್ಲ. ಅದರ ಸ್ಥಳದಲ್ಲಿ ಹಣದ ಅಳತೆ ಬಂದಿದೆ. ಇಂಗ್ಲೆಂಡಿನಲ್ಲಿ ನೆಲೆಸಿದವನು ಹೊರದೇಶದ ಹೆಂಡತಿಯನ್ನು ಕರೆಯಿಸಿಕೊಳ್ಳಬೇಕಾದರೆ ವರ್ಷಕ್ಕೆ ಇಷ್ಟು ಸಂಪಾದನೆ ಇರಬೇಕೆಂದು 2012ರಲ್ಲಿ 18,600 ಪೌಂಡುಗಳ ಗಡಿಯನ್ನು ಹಾಕಿದರು. 2024ರ ಏಪ್ರಿಲಿನಲ್ಲಿ ಅದನ್ನು 29,000ಕ್ಕೆ ಏರಿಸಿದರು. ಅದೇ ವರ್ಷ ಮಾರ್ಚಿ 11ರಿಂದ, ವೃದ್ಧರ ಶುಶ್ರೂಷೆಗಾಗಿ ಹೊರದೇಶದಿಂದ ಹೊಸದಾಗಿ ಬರುವ ಕೆಲಸಗಾರರು ಗಂಡನನ್ನಾಗಲಿ ಹೆಂಡತಿಯನ್ನಾಗಲಿ ಮಕ್ಕಳನ್ನಾಗಲಿ ಕರೆತರಕೂಡದೆಂದು ವಿಧಿಸಿದರು. 2025ರ ಜುಲೈನಲ್ಲಿ ಆ ನೇಮಕಾತಿಯನ್ನೇ ಮುಚ್ಚಿದರು. ತಮ್ಮ ಮುದುಕರ ಮೈ ತೊಳೆಯಲು ನಮ್ಮ ಹೆಣ್ಣುಮಕ್ಕಳು ಬೇಕು, ಅವರ ಮಕ್ಕಳು ಬೇಡ. ಹಡಗಿನ ಕಟ್ಟೆಯ ಚೀಟಿಗೂ ಇದಕ್ಕೂ ಹೆಚ್ಚಿನ ಅಂತರ ನಮಗೆ ಕಾಣದು. 2025ರ ಜುಲೈ 24ರಂದು ಬ್ರಿಟನ್ನಿನೊಡನೆ ವಾಣಿಜ್ಯದ ಒಪ್ಪಂದಕ್ಕೆ ನಮ್ಮವರು ರುಜು ಹಾಕಿದರು. ಸ್ಕಾಚ್ ಮದ್ಯದ ಮೇಲಿನ ಸುಂಕವನ್ನು ನೂರಕ್ಕೆ 150ರಿಂದ 75ಕ್ಕೆ, ಕ್ರಮೇಣ 40ಕ್ಕೆ ಇಳಿಸಲು ಒಪ್ಪಿದರು. ಸೀಸೆಗಳ ಪ್ರವೇಶಕ್ಕೆ ಇಷ್ಟು ಔದಾರ್ಯವನ್ನು ತೋರಿದ ಮೇಜಿನ ಮೇಲೆ ಸಂಸಾರಗಳ ಪ್ರವೇಶದ ಮಾತನ್ನೂ ಎತ್ತಬಹುದಾಗಿತ್ತು.

ಅಮೆರಿಕಾಕ್ಕೆ ತಾತ್ಕಾಲಿಕ ನೌಕರಿಯ ಮೇಲೆ ಹೋದವನ ಹೆಂಡತಿಯು ಜೊತೆಯಲ್ಲಿ ಹೋಗಬಹುದು, ಆದರೆ ದುಡಿಯಲಾಗದು. 2015ರ ಮೇ ತಿಂಗಳಿಂದ, ಗಂಡನ ಕಾಯಂ ನಿವಾಸದ ಅರ್ಜಿಯು ಒಂದು ಹಂತವನ್ನು ಮುಟ್ಟಿದವರಿಗೆ ಮಾತ್ರ ದುಡಿಯುವ ಅಪ್ಪಣೆ ಸಿಕ್ಕಿದೆ. ಇಂದಿರಾನಗರದ ಮನೆಗಳಲ್ಲಿ ಗಂಡಿಗೆ ಸಮಾನವಾಗಿ ಓದಿ ಸಂಪಾದಿಸಿದ ಹೆಣ್ಣು, ಅಲ್ಲಿ ಹೋಗಿ ಕಿಟಕಿಯ ಬಳಿ ಕುಳಿತು ವರ್ಷಗಳನ್ನು ಎಣಿಸುವುದು ಹೀಗೆ. ನೆಲೆಸುವ ವೀಸಾದಲ್ಲಿ ಹೋದವಳಿಗೂ, ಮದುವೆಯಾಗಿ ಎರಡು ವರ್ಷ ತುಂಬಿಲ್ಲದಿದ್ದರೆ, 1986ರ ಕಾಯಿದೆಯಂತೆ ಮೊದಲ ಎರಡು ವರ್ಷ ಷರತ್ತಿನ ನಿವಾಸ. ಆ ಷರತ್ತನ್ನು ತೆಗೆಯಿಸಲು ಗಂಡನೂ ಜೊತೆಗೆ ರುಜು ಹಾಕಬೇಕು. ಕ್ರೂರಿಯಾದ ಗಂಡನ ಕೈಯಲ್ಲಿ ಆ ರುಜು ಎಂಥ ಆಯುಧವಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಹಿಂಸೆಗೊಳಗಾದವಳು ಒಬ್ಬಳೇ ಅರ್ಜಿ ಹಾಕುವ ಮಾರ್ಗವನ್ನು ಆಮೇಲೆ ಕಾಯಿದೆಯಲ್ಲಿ ಸೇರಿಸಿದ್ದಾರೆ. ಮಗಳನ್ನು ಕಳುಹಿಸಿಕೊಡುವ ತಂದೆತಾಯಿಗಳು ಒಡವೆಯ ಪಟ್ಟಿಯೊಡನೆ ಇದನ್ನೂ ತಿಳಿಸಿ ಕಳುಹಿಸುವುದು ಒಳ್ಳೆಯದು.

ಶಿವಾಜಿನಗರದ ಕಥೆ ಬೇರೆ. ಅಲ್ಲಿಂದ ಅರಬ್ಬೀ ದೇಶಗಳಿಗೆ ದುಡಿಯಲು ಹೋದವನು ಸಂಸಾರವನ್ನು ಕರೆಯಿಸಿಕೊಳ್ಳುವುದು ಅವನ ಸಂಬಳದ ಮೇಲೆ ನಿಂತಿದೆ. ದುಬಾಯಿಯೇ ಮೊದಲಾದ ಸಂಯುಕ್ತ ಸಂಸ್ಥಾನಗಳಲ್ಲಿ ತಿಂಗಳಿಗೆ 4,000 ದಿರಹಮು, ಅಥವಾ ವಸತಿಯ ಸಹಿತ 3,000 ಇರಬೇಕು. ವಿವಾಹಪತ್ರಕ್ಕೆ ರಾಜ್ಯದ ಗೃಹ ಇಲಾಖೆಯ ಮುದ್ರೆ, ದಿಲ್ಲಿಯ ವಿದೇಶಾಂಗ ಮಂತ್ರಾಲಯದ ಮುದ್ರೆ, ಆ ದೇಶದ ರಾಯಭಾರಿಯ ಮುದ್ರೆ, ಅಲ್ಲಿ ಇಳಿದ ಮೇಲೆ ಮತ್ತೊಂದು ಮುದ್ರೆ. ಕಾಜಿಯವರು ಬರೆದುಕೊಟ್ಟ ನಿಕಾಹ್‌ನಾಮೆಗೆ ಈ ಮುದ್ರೆಗಳು ನೇರವಾಗಿ ಬೀಳುವುದಿಲ್ಲ. ಸರ್ಕಾರದ ಪ್ರಮಾಣಪತ್ರವೇ ಬೇಕು. ಈ ತೊಡಕನ್ನು ಬಿಡಿಸಲೆಂದು 2023ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರವು ಮುಸಲ್ಮಾನ ದಂಪತಿಗಳಿಗೆ ವಿವಾಹ ಪ್ರಮಾಣಪತ್ರವನ್ನು ಕೊಡುವ ಅಧಿಕಾರವನ್ನು ವಕ್ಫ್ ಮಂಡಳಿಗೆ ವಹಿಸಿತು. ವಕ್ಫ್ ಆಸ್ತಿಯನ್ನು ನೋಡಿಕೊಳ್ಳಬೇಕಾದ ಮಂಡಳಿಗೆ ಮದುವೆಯ ಪತ್ರ ಕೊಡುವ ಅಧಿಕಾರ ಎಲ್ಲಿಂದ ಬಂತೆಂದು ಪ್ರಶ್ನಿಸಿ, 2024ರ ನವೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಆ ಆಜ್ಞೆಗೆ ತಡೆ ವಿಧಿಸಿತು. ಕಾಯಿದೆಯ ಪ್ರಶ್ನೆ ಅಲ್ಲಿಗೆ ನಿಂತರೂ ಅವರ ಅಗತ್ಯ ನಿಲ್ಲಲಿಲ್ಲ.

ಇತ್ತ ಹಲಸೂರಿನ ಶ್ರೀ ಸೋಮೇಶ್ವರಸ್ವಾಮಿಯ ದೇವಸ್ಥಾನದಲ್ಲಿ ಮದುವೆ ನಡೆಸುವುದನ್ನೇ ಕೆಲವು ವರ್ಷಗಳಿಂದ ನಿಲ್ಲಿಸಿದ್ದಾರೆಂಬುದು 2025ರ ಡಿಸೆಂಬರಿನಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಮನೆಬಿಟ್ಟು ಬಂದ ಕೆಲವರು ಸುಳ್ಳು ಕಾಗದಗಳನ್ನು ತೋರಿಸಿ ತಾಳಿ ಕಟ್ಟಿಸಿಕೊಂಡು ಹೋಗುವುದು, ಆಮೇಲೆ ವಿವಾಹವಿಚ್ಛೇದನದ ಮೊಕದ್ದಮೆಗಳಲ್ಲಿ ಸಾಕ್ಷಿ ನುಡಿಯಲು ಅರ್ಚಕರನ್ನು ನ್ಯಾಯಾಲಯಕ್ಕೆ ಎಳೆಯುವುದು, ಇದೇ ಕಾರಣವೆಂದು ದೇವಸ್ಥಾನದವರು ಸರ್ಕಾರಕ್ಕೆ ತಿಳಿಸಿದರಂತೆ. ತಲೆಮಾರುಗಳಿಂದ ಅಗ್ನಿಸಾಕ್ಷಿಯೊಂದೇ ಸಾಕಾಗಿದ್ದ ಸನ್ನಿಧಿಯಲ್ಲಿ ಮನುಷ್ಯಸಾಕ್ಷಿಯ ಭಯದಿಂದ ಮಂಗಳವಾದ್ಯ ನಿಂತಿತು.

ಪರದೇಶದ ಅಧಿಕಾರಿಯನ್ನು ನಾವು ಬೇಕಾದಷ್ಟು ದೂರಬಹುದು. ಆದರೆ ನಮ್ಮ ದೇಶದಲ್ಲಿ ನಡೆದ ಮದುವೆಗೆ, ನಡೆದ ದಿನವೇ, ನಂಬಬಹುದಾದ ಒಂದು ಕಾಗದವನ್ನು ಒದಗಿಸಿಕೊಡದಿರುವುದು ಯಾರ ದೋಷ? ಎಲ್ಲ ವಿವಾಹಗಳೂ ಕಡ್ಡಾಯವಾಗಿ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟು 2006ರ ಫೆಬ್ರವರಿ 14ರಂದೇ ಆಜ್ಞೆ ಮಾಡಿತು. ಹಿಂದೂ ವಿವಾಹಗಳನ್ನು ಮನೆಯಲ್ಲಿಯೇ ಕುಳಿತು ಕಾವೇರಿ ಎಂಬ ಗಣಕಜಾಲದ ಮೂಲಕ ನೋಂದಾಯಿಸುವ ಏರ್ಪಾಡನ್ನು 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಆರಂಭಿಸಿದರು, ಇದು ಶ್ಲಾಘನೀಯ. ಎಲ್ಲ ಧರ್ಮದವರ ವಿವಾಹಗಳಿಗೂ ಇದು ಇಷ್ಟೇ ಸುಲಭವಾದರೆ ವಕ್ಫ್ ಮಂಡಳಿಯ ಬಾಗಿಲಿಗೆ ಹೋಗುವ ಕಾರಣವೇ ಇರದು. ಧಾರೆಯಾದ ದಿನವೇ ಪತ್ರವು ಕೈಗೆ ಬರುವುದಾದರೆ ಆರು ತಿಂಗಳು ಮೊದಲೇ ಸುಳ್ಳು ರುಜು ಹಾಕುವವರ ನೆಪಗಳಲ್ಲಿ ಒಂದಾದರೂ ಕಡಿಮೆಯಾಗುತ್ತದೆ. ಮಿಕ್ಕುದಕ್ಕೆ ಹುಡುಗನು ರಜೆಯನ್ನು ಎರಡು ಸಲ ಪಡೆಯಬೇಕು, ಹುಡುಗಿಯ ತಂದೆ ಅಷ್ಟು ತಿಂಗಳು ಕಾಯಬೇಕು. ಸಪ್ತಪದಿಗಿಂತ ಮುಂಚಿನ ಪತ್ರಕ್ಕಿಂತ ಆ ಕಾಯುವಿಕೆಯೇ ಕ್ಷೇಮ.

ದೇವಸ್ಥಾನಗಳ ಮುಜರಾಯಿ ಇಲಾಖೆಯೂ ವಿವಾಹಗಳ ನೋಂದಣಿ ಇಲಾಖೆಯೂ ಒಂದೇ ಸರ್ಕಾರದ ಕೈಕೆಳಗಿವೆ. ಮುಹೂರ್ತದ ದಿನಗಳಲ್ಲಿ ನೋಂದಣಿ ಇಲಾಖೆಯ ಗುಮಾಸ್ತೆಯೊಬ್ಬನು ಹಲಸೂರಿನ ದೇವಸ್ಥಾನದ ಮಂಟಪದಲ್ಲಿ ಕುಳಿತು, ವಧೂವರರ ವಯಸ್ಸನ್ನೂ ಗುರುತನ್ನೂ ತಾಳಿ ಕಟ್ಟುವ ಮೊದಲು ಪರೀಕ್ಷಿಸಿ, ಏಳನೆಯ ಹೆಜ್ಜೆಯಾದ ಮೇಲೆ ಪಾಸ್‌ಪೋರ್ಟಿನಲ್ಲಿರುವ ಹೆಸರಿನ ರೂಪದಲ್ಲಿಯೇ ಪ್ರಮಾಣಪತ್ರವನ್ನು ಕೊಟ್ಟರೆ, ಅರ್ಚಕರು ನ್ಯಾಯಾಲಯದ ಮೆಟ್ಟಿಲನ್ನೇರುವ ಪ್ರಮೇಯವೂ ತಪ್ಪೀತು. ಬರುವ ಮಾಘದ ಲಗ್ನಗಳೊಳಗಾಗಿ ಇಷ್ಟನ್ನು ಮಾಡಿಸುವುದು ಸಂಬಂಧಪಟ್ಟ ಮಂತ್ರಿಗಳಿಗೆ ಕಷ್ಟವಾಗಲಾರದು.